ಸುಣ್ಣವೇ ಆಣೆ ಮಾಡಿತು

ವಳಸಂಗದ ಅಪ್ಪಾಸಾಹೇಬನ ದಾಳಿಂಬೆ ತೋಟದಲ್ಲಿ ಎಲೆಗಳೆಲ್ಲ ಅಂಚು ಸುಟ್ಟು ಕರ್ರಗಾಗಿದ್ದವು. ತಪ್ಪು ಯಾರದೆಂದು ವಿಚಾರಿಸುವ ಗೋಜಿಗೇ ಅವನು ಹೋಗಲಿಲ್ಲ. ಬೆಳಿಗ್ಗೆ ಹೆಣ್ಣಾಳುಗಳು ಬಂದದ್ದೇ ತಡ, ಪಂಪ್‌ಮನೆಯ ಕಟ್ಟೆ ಹತ್ತಿ ನಿಂತು, ಅವರಲ್ಲಿದ್ದ ಬೀರವ್ವನನ್ನು ಕಳ್ಳಿ ಎಂದ. ಆಚೆ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಚಂದ್ರಾಬಾಯಿ ಸೊಂಟ ನೆಟ್ಟಗೆ ಮಾಡಿ ಇತ್ತ ನೋಡುವಷ್ಟು ಜೋರಾಗಿತ್ತು ಅವನ ದನಿ.

"ಔಷಧಕ್ಕ ಸುಣ್ಣ ಕಮ್ಮಿ ಹಾಕಿ, ಉಳಿದದ್ದು ಮನಿಗಿ ಒಯ್ದಿದಿ. ಗ್ವಾಡಿಗೆ ಬಳ್ಯಾಕ ಬೇಕಾಗಿತ್ತೇನ ನಿನಗ?"

ಬೀರವ್ವನ ಮೈ ಉರಿಯಿತು. ಹನ್ನೆರಡು ವರ್ಷದಿಂದ ಆ ತೋಟಕ್ಕೆ ಹೊಡೆಯುವ ಬೋರ್ಡೋ ಔಷಧ ಕಲಸುತ್ತ ಬಂದವಳು ಅವಳು. ನೀಲಿ ಮೈಲುತುತ್ತವನ್ನು ಒಂದು ಡ್ರಮ್ಮಿನಲ್ಲಿ, ಸುಣ್ಣವನ್ನು ಇನ್ನೊಂದರಲ್ಲಿ ಕದಡಿ, ಎರಡನ್ನೂ ಮೂರನೆಯದಕ್ಕೆ ಒಟ್ಟಿಗೇ ಸುರಿಯಬೇಕು. ಮೈಲುತುತ್ತದ ನೀರು ಹುಳಿ, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಸುಣ್ಣದ ಕ್ಷಾರ ಆ ಹುಳಿಯನ್ನು ಮುರಿಯುತ್ತದೆ. ಮುರಿಯಿತೋ ಇಲ್ಲವೋ ತಿಳಿಯಲು, ತಿಕ್ಕಿ ಬೆಳಗಿದ ಕುಡುಗೋಲನ್ನು ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆಯಬೇಕು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಹುಳಿ ಇನ್ನೂ ಉಳಿದಿದೆ ಎಂದರ್ಥ. ಶಾಲೆಯ ಮೆಟ್ಟಿಲು ಹತ್ತದ ಬೀರವ್ವನಿಗೆ ಇಷ್ಟು ರಸಾಯನಶಾಸ್ತ್ರ ಕೈಗೆ ಹತ್ತಿತ್ತು. ಕೃಷಿ ಡಿಪ್ಲೊಮಾ ಮಾಡಿದ ಅಪ್ಪಾಸಾಹೇಬನಿಗೆ ಅದರ ಪ್ರಮಾಣಪತ್ರ ಮಾತ್ರ ಹತ್ತಿತ್ತು.

ಮೊನ್ನೆ ಕುಡುಗೋಲು ಕೆಂಪಾಗಿತ್ತು. ಮತ್ತಷ್ಟು ಸುಣ್ಣ ಸುರಿದರೂ ಕೆಂಪೇ. "ಮಾಲಕ್ರ, ಈ ಸುಣ್ಣದಾಗ ಕಸುವಿಲ್ರಿ, ಹೊಡೀಬ್ಯಾಡ್ರಿ" ಎಂದು ಅವಳು ಕುಡುಗೋಲನ್ನು ಅವನ ಮೂಗಿನ ಮುಂದೆಯೇ ಹಿಡಿದಿದ್ದಳು. ಮೊಬೈಲಿನಿಂದ ಕಣ್ಣು ಕೀಳದೆ ಅವನು, "ಮ್ವಾಡ ಆಗೇತಿ, ಕಾಯಿಗೆ ತೇಲ್ಯಾ ರೋಗ ಬರ್ತೈತಿ, ಲಗೂನ ಹೊಡೀರಿ" ಎಂದಿದ್ದ. ಈಗ ಅದೆಲ್ಲ ಮರೆತೇ ಹೋಗಿತ್ತು ಪುಣ್ಯಾತ್ಮನಿಗೆ.

"ಕದ್ದಿಲ್ಲಂದ್ರ ಭಂಡಾರ ಮುಟ್ಟಿ ಆಣಿ ಮಾಡು" ಎಂದ.

ಬೀರವ್ವ ಕುರಿ ಕಾಯುವ ಮನೆತನದವಳು. ಬೀರಪ್ಪನ ಭಂಡಾರ, ಅಂದರೆ ದೇವರ ಅರಿಶಿನದ ಪುಡಿ, ಅವಳ ಸೆರಗಿನ ಗಂಟಿನಲ್ಲಿ ಸದಾ ಇರುತ್ತಿತ್ತು. ಅದನ್ನು ಮುಟ್ಟಿ ಆಣೆ ಮಾಡುವ ಹೊತ್ತು ಯಾರಿಗೂ ಬರಬಾರದು. ಮಾಡಿದರೆ ಕದ್ದದ್ದಕ್ಕೇ ಮಾಡಿದಳು ಎನ್ನುತ್ತಾರೆ, ಮಾಡದಿದ್ದರೆ ಕದ್ದದ್ದು ಖರೆ ಎನ್ನುತ್ತಾರೆ. ಹೇಗಿದ್ದರೂ ಹೆಸರು ಕೆಡುತ್ತದೆ, ಆಮೇಲೆ ಸುತ್ತಲಿನ ಯಾವ ತೋಟದವರೂ ಅವಳನ್ನು ಕೆಲಸಕ್ಕೆ ಕರೆಯುವುದಿಲ್ಲ. ಇದೆಲ್ಲ ಅಪ್ಪಾಸಾಹೇಬನಿಗೆ ಚೆನ್ನಾಗಿ ಗೊತ್ತಿತ್ತು.

"ನಾ ಯಾಕ ಮಾಡ್ಲಿ? ನಿಮ್ಮ ಸುಣ್ಣಾನ ಮಾಡ್ಲಿ ಆಣಿ."

ಅವಳು ಗಂಟು ಬಿಚ್ಚಿ, ಭಂಡಾರವನ್ನು ಕಣ್ಣಿಗೊತ್ತಿಕೊಂಡು, ಅವನ ಕಾಲ ಬಳಿಯೇ ಕಟ್ಟೆಯ ಕಲ್ಲಿನ ಮೇಲೆ ಎರಡು ಚಿಟಿಕೆ ಇಟ್ಟಳು. ನೀರು ಚಿಮುಕಿಸಿದಳು. ಎಲೆ ಅಡಿಕೆಯ ಚಂಚಿಯಿಂದ ತನ್ನ ಸುಣ್ಣದ ಡಬ್ಬಿ ತೆಗೆದು, ಉಗುರಿನ ತುದಿಯಷ್ಟು ಸುಣ್ಣವನ್ನು ಒಂದಕ್ಕೆ ಸವರಿದಳು. ಅರಿಶಿನ ಆ ಕ್ಷಣವೇ ರಕ್ತಗೆಂಪಾಯಿತು. ಅವನ ಸುಣ್ಣದ ಚೀಲದಲ್ಲಿ ಉಳಿದಿದ್ದ ಪುಡಿಯನ್ನು ಹಿಡಿಗಟ್ಟಲೆ ತಂದು ಇನ್ನೊಂದಕ್ಕೆ ಹಾಕಿ ತಿಕ್ಕಿದಳು. ಎಷ್ಟು ತಿಕ್ಕಿದರೂ ಹಳದಿ ಹಳದಿಯಾಗಿಯೇ ಉಳಿಯಿತು.

ಆರತಿಯ ಕೆಂಪು ನೀರನ್ನು ಅರಿಶಿನ ಸುಣ್ಣದಿಂದ ಮಾಡಿ ಗೊತ್ತಿದ್ದ ಹೆಂಗಸರು ಅವರೆಲ್ಲ. ಬೇರೆ ಸಾಕ್ಷಿ ಬೇಕಾಗಲಿಲ್ಲ.

"ಇದು ಸುಣ್ಣ ಅಲ್ಲೇ ಅಲ್ರಿ," ಎಂದಳು ಅವರಲ್ಲೊಬ್ಬಳಾದ ಹಣಮವ್ವ. "ಬರೇ ಕಲ್ಲಿನ ಪುಡಿ."

ಚೀಲ ಮಾರಿದವನು ಅಂಗಡಿಯ ತಾನಾಜಿ. ಅಪ್ಪಾಸಾಹೇಬ ಫೋನು ಹಚ್ಚಿ ಪಂಪ್‌ಮನೆಯ ಹಿಂದೆ ಹೋದ. ಬೆಣ್ಣೆಯಂಥ ಮರಾಠಿಯಲ್ಲಿ, ತಾನಾಜಿರಾವ್ ಎಂದು ಕರೆಯುತ್ತ, ಸುಣ್ಣದಲ್ಲಿ ಏನೋ ಸ್ವಲ್ಪ ಹೆಚ್ಚುಕಮ್ಮಿ ಆಗಿರಬಹುದೆಂದ. ಬೀರವ್ವನಿಗೆ ಎಲ್ಲ ಕೇಳಿಸುತ್ತಿತ್ತು. ಮೋಸ ಮಾಡಿದವನು ರಾವ್, ಮೋಸ ತೋರಿಸಿಕೊಟ್ಟವಳು ಕಳ್ಳಿ. ಕಲ್ಲಿನ ಪುಡಿ ಕಂಡಾಗಲೂ ಇಷ್ಟು ಸಿಟ್ಟು ಬಂದಿರಲಿಲ್ಲ ಅವಳಿಗೆ.

ಅವನು ಹಿಂದಿರುಗಿ ಬಂದು ಪಿಸುದನಿಯಲ್ಲಿ ಹೇಳಿದ: "ಆತು ಬಿಡು ಬೀರವ್ವ, ನಿಂದೇನ ತಪ್ಪಿಲ್ಲ. ಚಲೋ ಸುಣ್ಣ ತರಸ್ತೀನಿ, ನಾಳಿಗಿ ಬಂದು ಕಲಸು."

"ಕಟ್ಟಿ ಹತ್ರಿ, ಮಾಲಕ್ರ."

"ಯಾಕ?"

"ಕಳ್ಳಿ ಅಂದದ್ದು ಕಟ್ಟಿ ಮ್ಯಾಲ ನಿಂತು. ಇದನೂ ಅಲ್ಲಿಂದನ ಹೇಳ್ರಿ."

ಹಣಮವ್ವ ತನ್ನ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಉಳಿದವರೂ ಒಬ್ಬೊಬ್ಬರಾಗಿ ಕೂತರು. ಅಪ್ಪಾಸಾಹೇಬ ಮೋಡ ನೋಡಿದ, ಗಿಡ ನೋಡಿದ, ಕೊನೆಗೆ ಕಟ್ಟೆ ಹತ್ತಿದ. ಬೀರವ್ವ ಕದ್ದಿಲ್ಲ, ತಪ್ಪು ನನ್ನದು ಎಂದು ಗಂಟಲಲ್ಲೇ ಹೇಳಿದ.

ಬೀರವ್ವ ಆಚೆ ಹೊಲದ ಕಡೆ ನೋಡಿದಳು. ಚಂದ್ರಾಬಾಯಿ ಬಗ್ಗಿ ಕಳೆ ಕೀಳುತ್ತಲೇ ಇದ್ದಳು, ತಲೆ ಎತ್ತಿರಲಿಲ್ಲ.

"ಆಕಿಗೆ ಕೇಳ್ಸಲಿಲ್ರಿ," ಎಂದಳು. "ಇನ್ನೊಮ್ಮೆ ಹೇಳ್ರಿ."