ಅರ್ಧ ರಾಶಿ

ಡಬ್ಬಿಗೆ ಶೇಂಗಾ ಚಟ್ನಿ ಹಾಕುತ್ತಿದ್ದ ನೀಲಗಂಗಾ ಚಮಚ ಹಿಡಿದುಕೊಂಡೇ ನಿಂತುಬಿಟ್ಟಳು. ಫೋನಿನಲ್ಲಿ ಚಂದ್ರಬಾಯಿ ಹೇಳಿದ್ದು ಒಂದೇ ಮಾತು: "ಮರಗಮ್ಮ ಹೋದ್ಲರೀ, ಮೇಡಂ."

ಅರ್ಧ ತುಂಬಿದ ಡಬ್ಬಿಯನ್ನು ಕಟ್ಟೆಯ ಮೇಲೆಯೇ ಬಿಟ್ಟು ಐರೋಲಿಯಿಂದ ತುರ್ಭೆಯ ಲೋಕಲ್ ರೈಲು ಹಿಡಿದಳು. ದಾರಿಯಲ್ಲಿ ಮಾಲೀಕ ಜಯೇಶ್ ಸೇಠರ ಮೆಸೇಜು ಮತ್ತೆ ಬಂತು. ಮಸಾಲೆ ಪ್ಯಾಕಿಂಗಿನಲ್ಲಿ ಒಬ್ಬರನ್ನು ಕೆಲಸದಿಂದ ಬಿಡಿಸಬೇಕು, ಸಂಜೆಯೊಳಗೆ ಹೆಸರು ಕಳಿಸಿ. ಯಾರದೆಂದು ಅವಳು ನಿನ್ನೆಯೇ ಯೋಚಿಸಿಟ್ಟಿದ್ದಳು. ನಿಧಾನದ ಮೇಜಿನ ಚಂದ್ರಬಾಯಿ.

ಮರಗಮ್ಮನ ಗಲ್ಲಿಯಲ್ಲಿ ಗಂಡಸರು ಚಟ್ಟಕ್ಕೆ ಬಿದಿರು ಕಡಿಯುತ್ತಿದ್ದರು. ಅವಳ ಗಂಡ ಬಾಲಪ್ಪ ಹಮಾಲಿಯ ಟವೆಲ್ಲನ್ನು ಬಾಯಿಗೊತ್ತಿಕೊಂಡು ಕೂತಿದ್ದ. ಬಾಗಿಲ ಮುಂದೆ ಪ್ಯಾಕಿಂಗಿನ ಹೆಂಗಸರು ತಾಡಪತ್ರಿಯ ಮೇಲೆ ಸೇವಂತಿ ಸುರುವಿಕೊಂಡು ಮಾಲೆ ಕಟ್ಟುತ್ತಿದ್ದರು. ನೀಲಗಂಗಾಳನ್ನು ಕಂಡೊಡನೆ ಮಾತು ನಿಂತಿತು.

"ಬರ್ರಿ ಮೇಡಂ," ಎಂದಳು ಎಲ್ಲರಿಗಿಂತ ಚುರುಕಿನವಳಾದ ದಾನೇಶ್ವರಿ. "ಕುರ್ಚಿ ತರಿಸ್ಲೇನು?"

"ಬ್ಯಾಡ."

"ಮತ್ತ ಎಲ್ಲಿ ಕೂಡ್ತೀರಿ? ಇಲ್ಲಿ ಫಾಸ್ಟ್ ಟೇಬಲ್ಲೂ ಇಲ್ಲ, ಸ್ಲೋ ಟೇಬಲ್ಲೂ ಇಲ್ಲ."

"ಬಾಯಿ ಮುಚ್ಚ, ದಾನಿ. ಹೆಣದ ಮುಂದರ ಸುಮ್ನಿರು," ಎಂದು ಗದರಿದ ಚಂದ್ರಬಾಯಿ ತಾನೇ ಸರಿದು ಜಾಗ ಮಾಡಿದಳು.

*

ವರ್ಷಗಳ ಹಿಂದೆ ನೀಲಗಂಗಾಳೂ ಇದೇ ಪ್ಯಾಕಿಂಗ್ ಕೆಲಸಕ್ಕೆ ಹೊಸಬಳು. ಖಾರಪುಡಿಯ ಪ್ಯಾಕೆಟ್ಟುಗಳು ಅವಳ ಮುಂದೆ ರಾಶಿ ಬೀಳುತ್ತಿದ್ದವು. ಸೀಲು ಹಾಕುವಷ್ಟರಲ್ಲಿ ಕಣ್ಣಲ್ಲಿ ನೀರು. ಹೆಂಗಸರನ್ನೆಲ್ಲ ನಡೆಸುತ್ತಿದ್ದ ಮರಗಮ್ಮ ಅವಳನ್ನು ತನ್ನ ಪಕ್ಕಕ್ಕೆ ಕೂರಿಸಿಕೊಂಡು, ಮಾತಾಡುತ್ತಲೇ ಅರ್ಧ ರಾಶಿಯನ್ನು ಮೊಣಕೈಯಿಂದ ತನ್ನತ್ತ ಎಳೆದುಕೊಳ್ಳುತ್ತಿದ್ದಳು. ಚುರುಕಿನವಳ ಪಕ್ಕಕ್ಕೆ ನಿಧಾನದವಳನ್ನೇ ಕೂರಿಸುವುದು ಅವಳ ರೂಢಿ.

"ಓಡಾಕಿ ಬಾಜೂಕ ಕುಂತಾಕಿ ಇರಬೇಕು, ನೀಲವ್ವ. ಇಲ್ಲಂದ್ರ ಓಡಾಕಿ ಮುಲುಂಡ್ ತನಕಾ ಓಡಿಬಿಡ್ತಾಳ. ಹಿಡಕೊಂಡು ಬರೋರ್ ಯಾರು?"

ನಾಲ್ಕಕ್ಷರ ಕಲಿತವಳೆಂದು ನೀಲಗಂಗಾ ಸೂಪರ್‌ವೈಸರ್ ಆದಳು. ಆದವಳೇ ಚುರುಕಿನವರಿಗೊಂದು ಮೇಜು, ನಿಧಾನದವರಿಗೊಂದು ಮೇಜು ಮಾಡಿದಳು. ಆಫೀಸು ಹೊಗಳಿತು. ಊಟಕ್ಕೂ ಹೆಂಗಸರು ಎರಡು ಗುಂಪಾಗಿ ಕೂರತೊಡಗಿದರು. ಕಣ್ಣು ಮಂಜಾಗಿದ್ದ ಮರಗಮ್ಮನ ಪಾಲಿಗೆ ಬಂದದ್ದು ನಿಧಾನದ ಮೇಜು. ಅವಳು ಜಗಳಾಡಲಿಲ್ಲ.

"ಆತ್ರೀ, ಮೇಡಂ," ಎಂದಳು.

ನೀಲವ್ವ ಎಂದು ಕರೆಸಿಕೊಂಡದ್ದು ಅಲ್ಲಿಗೆ ಮುಗಿಯಿತು. ಮರಗಮ್ಮನೆದುರು ಹೋಗಿ ಕೂರಲು ಆಮೇಲೆ ಎಷ್ಟೋ ಮಧ್ಯಾಹ್ನಗಳಿದ್ದವು. ಆದರೆ ನೀಲಗಂಗಾ ಕ್ಯಾಬಿನ್ನಿನಲ್ಲಿ ಒಬ್ಬಳೇ ಡಬ್ಬಿ ತೆರೆಯುತ್ತಿದ್ದಳು.

*

ನೀಲಗಂಗಾಳೂ ತಾಡಪತ್ರಿಯ ಮೇಲೆ ಕೂತು ದಾರ ಹಿಡಿದಳು. ಕಟ್ಟಿದ ಹೂವನ್ನೇ ಕೊಂಡು ಮುಡಿದವಳಿಗೆ ಕಟ್ಟುವುದು ಎಲ್ಲಿ ಬರಬೇಕು? ದಾರ ಜಾರಿತು, ಸೇವಂತಿ ಉದುರಿತು. ತಲೆ ಎತ್ತಿ ನೋಡಿದಳು. ದಾನೇಶ್ವರಿಯ ಪಕ್ಕದಲ್ಲಿ ಕೈ ನಡುಗುವ ಮುದುಕಿಯೊಬ್ಬಳಿದ್ದಳು. ದಾನೇಶ್ವರಿ ನೋಡದೆಯೇ ಅವಳ ಹೂಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು. ಅವರನ್ನು ಹಾಗೆ ಕೂರಿಸಿದವರು ಯಾರೂ ಇರಲಿಲ್ಲ.

"ಹೂ ಆದವೇನ್ರೇ?" ಒಳಗಿನಿಂದ ಯಾರೋ ಕೂಗಿದರು.

ಉಳಿದದ್ದು ನೀಲಗಂಗಾಳ ರಾಶಿ ಮಾತ್ರ. ಚಂದ್ರಬಾಯಿಯ ಮೊಣಕೈ ಬಂತು, ಅರ್ಧ ರಾಶಿ ಅತ್ತ ಸರಿಯಿತು.

"ಗಂಟು ಬಿಗಿ ಹಾಕ್ರಿ, ಮೇಡಂ. ದಾರ್‍ಯಾಗ ಉದುರಿದ್ರ ಮರಗಮ್ಮ ಎದ್ದು ಬೈತಾಳ."

ಯಾರೋ ಕಿಸಕ್ಕನೆ ನಕ್ಕರು. ನಕ್ಕವಳೇ ಸೆರಗು ಬಾಯಿಗೊತ್ತಿ ಅತ್ತಳು. ನೀಲಗಂಗಾಳ ಮಡಿಲಲ್ಲಿ ಫೋನು ಅದುರಿತು. ಜಯೇಶ್ ಸೇಠ್: ಹೆಸರು?

"ಯಾರ್ರೀ?" ಎಂದಳು ಚಂದ್ರಬಾಯಿ.

"ಆಫೀಸು."

"ಏನಂತ?"

"ಏನಿಲ್ಲ." ಫೋನು ಬಂದ್ ಮಾಡಿದಳು.

ಹೆಣ ಎತ್ತಿದರು. ಗಲ್ಲಿಯ ತಿರುವಿನತನಕ ಹಿಂದೆ ನಡೆಯುತ್ತ ನೀಲಗಂಗಾ ಪ್ಯಾಕಿಂಗ್ ಕೋಣೆಯನ್ನು ಮನಸ್ಸಿನಲ್ಲೇ ಅಳೆಯುತ್ತಿದ್ದಳು. ತಕ್ಕಡಿಯನ್ನು ಗೋಡೆಗೆ ಸರಿಸಿದರೆ ಎರಡು ಮೇಜೂ ಕೂಡುತ್ತವೆ. ಚಂದ್ರಬಾಯಿಯ ಪಕ್ಕ ದಾನೇಶ್ವರಿ. ಆ ತುದಿಗೆ ತನಗೂ ಒಂದು ಸ್ಟೂಲು ಹಿಡಿಸೀತು.

ಮುಂದೆ, ಮರಗಮ್ಮನ ಎದೆಯ ಮೇಲೆ, ನೀಲಗಂಗಾ ಕಟ್ಟಿದ ಸಡಿಲ ಹೂಗಳು ಚಂದ್ರಬಾಯಿಯ ಬಿಗಿ ಗಂಟುಗಳ ನಡುವೆ ತೂಗಾಡುತ್ತ ಹೋದವು. ಒಂದೂ ಉದುರಲಿಲ್ಲ.