ಪ್ಲಗ್ಗಿನ ತೂತಿಗೆ ಹಿಡಿಸೂಡಿ ಕಡ್ಡಿ

ಗಲ್ಫಿಗೆ ಹೊರಟವರ ಮನೆಯಲ್ಲಿ ಕೊನೆಯ ಮೂರು ದಿನ ಎಂಥ ಗಲಾಟೆ ಇರುತ್ತದೆಂದು ಮಂಗಳೂರಿನವರಿಗೆ ಹೇಳಬೇಕಾಗಿಲ್ಲ. ಕುಚ್ಚಲಕ್ಕಿ, ಹಪ್ಪಳ, ಉಪ್ಪಿನಕಾಯಿ ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗೆ ತುಂಬುವುದು, ಹಗ್ಗ ಬಿಗಿಯುವುದು, ತೂಕ ಹೆಚ್ಚಾಯಿತೆಂದು ಮತ್ತೆ ಬಿಚ್ಚುವುದು. ಅತ್ತಾವರದ ನಮ್ಮ ಮನೆಯಲ್ಲೂ ಅದೇ ನಡೆದಿತ್ತು. ಮಸ್ಕತ್ತಿನಲ್ಲಿರುವ ಮಗಳು ರಂಜಿನಿಗೆ ಚೊಚ್ಚಲ ಹೆರಿಗೆ. ಬಾಣಂತನಕ್ಕೆ ನಾನು, ಜೊತೆಗೆ ನನ್ನ ಯಜಮಾನರು ಹರಿದಾಸ ಭಟ್ಟರು. ಪೆಟ್ಟಿಗೆಯಲ್ಲಿ ಬಾಣಂತಿ ಲೇಹ್ಯದ ಪಕ್ಕದಲ್ಲೇ ಒಂದು ಹೊಸ ಹಿಡಿಸೂಡಿಯೂ ಇತ್ತು. ತೆಂಗಿನ ಕಡ್ಡಿಯ ಪೊರಕೆ ಇಲ್ಲದೆ ಬಚ್ಚಲು ಚೊಕ್ಕ ಆಗುವುದೇ ಇಲ್ಲ ಎಂದು ರಂಜಿನಿಯೇ ಹೇಳಿ ತರಿಸಿಕೊಂಡದ್ದು.

ನಮ್ಮವರು ಪುರೋಹಿತರು. ಮುಹೂರ್ತ ಕೇಳಿ ದಿನಕ್ಕೆ ಮೂವತ್ತು ಫೋನ್ ಬರುತ್ತದೆ, ಮಧ್ಯಾಹ್ನದೊಳಗೆ ಚಾರ್ಜ್ ಖಾಲಿ. ಅದಕ್ಕೆಂದು ರಸ್ತೆ ಬದಿಯಿಂದ ಹೆಸರು ದೆಸೆ ಇಲ್ಲದ ಒಂದು ಪವರ್ ಬ್ಯಾಂಕ್ ತಂದಿದ್ದರು. ಅದಕ್ಕೆ ಪೆಟ್ಟಾಗಬಾರದೆಂದು ಕುಚ್ಚಲಕ್ಕಿಯ ಚೀಲದೊಳಗೆ ಹೂತಿಡುತ್ತಿದ್ದಾಗ ಮೇಲಿನ ಮಹಡಿಯ ಡ್ಯಾಫ್ನಿ ಬಂದಳು. ಮಸ್ಕತ್ತಿನಲ್ಲಿ ಹನ್ನೆರಡು ವರ್ಷ ನರ್ಸ್ ಆಗಿದ್ದವಳು.

“ಭಟ್ರೇ, ಅದನ್ನು ಪೆಟ್ಟಿಗೆಗೆ ಹಾಕ್ಲಿಕ್ಕೆ ಇಲ್ಲ. ಕೈಚೀಲದಲ್ಲಿ ನಿಮ್ಮ ಹತ್ರವೇ ಇರ್ಬೇಕು. ಪೆಟ್ಟಿಗೆ ಹೋಗುವುದು ವಿಮಾನದ ಅಡಿಗೆ. ಅಲ್ಲಿ ಬೆಂಕಿ ಹಿಡಿದ್ರೆ ನೋಡುವವರು ಯಾರು?”

“ಅಕ್ಕಿಯೊಳಗೆ ಎಂತ ಬೆಂಕಿ ಮಾರಾಯ್ತಿ. ಎಲ್ಲರೂ ಕೊಂಡು ಹೋಗ್ತಾರೆ.”

“ವಿಮಾನದಲ್ಲಿ ಅದನ್ನು ಚಾರ್ಜಿಗೂ ಇಡ್ಬೇಡಿ, ಅದರಿಂದ ಫೋನಿಗೂ ಚಾರ್ಜ್ ಹಾಕ್ಬೇಡಿ. ಎರಡನ್ನೂ ಮನೆಯಲ್ಲೇ ತುಂಬಿಸಿಕೊಂಡು ಹೋಗಿ. ಮತ್ತೆ, ಅಲ್ಲಿಯ ಪ್ಲಗ್ಗು ಬೇರೆ, ಮೂರು ಚಪ್ಪಟೆ ಕಾಲಿನದ್ದು. ನಮ್ಮ ಎರಡು ಗುಂಡು ಕಾಲಿನ ಚಾರ್ಜರ್ ಅದಕ್ಕೆ ಕೂರುವುದಿಲ್ಲ. ಈ ಅಡಾಪ್ಟರ್ ಇಟ್ಕೊಳ್ಳಿ.”

ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಅಡಾಪ್ಟರ್. ಅವಳು ಅತ್ತ ಹೋದದ್ದೇ ತಡ, ಇವರು ಅದನ್ನು ಫ್ರಿಜ್ಜಿನ ಮೇಲಿಟ್ಟು, “ಸುಮ್ಮನೆ ಭಾರ ಯಾಕೆ?” ಎಂದರು. ಮಸ್ಕತ್ತಿಗೆ ಪೊರಕೆ ಹೊತ್ತವರ ಮಾತು ಇದು.

ವಿಮಾನ ನಿಲ್ದಾಣದಲ್ಲಿ ಹೆಸರು ಹಿಡಿದು ಕರೆದರು. ಹಗ್ಗ ಕೊಯ್ದರು, ಪೆಟ್ಟಿಗೆ ಬಿಚ್ಚಿದರು, ಅಕ್ಕಿಯೊಳಗಿಂದ ಪವರ್ ಬ್ಯಾಂಕ್ ತೆಗೆಸಿ ಕೈಚೀಲಕ್ಕೆ ಹಾಕಿಸಿದರು. ಅಷ್ಟು ಜನರ ಎದುರು ನೆಲದ ಮೇಲೆ ಕುಳಿತು ಅಕ್ಕಿ ಬಾಚಿದವಳು ನಾನು.

“ಡ್ಯಾಫ್ನಿ ಹೇಳಿದ್ಲಲ್ಲ?” ಎಂದೆ.

“ನನಗೂ ಗೊತ್ತಿತ್ತು,” ಎಂದರು. ಈ ಮಾತಿಗೆ ಏನು ಹೇಳುವುದು, ನೀವೇ ಹೇಳಿ.

ಮಸ್ಕತ್ತಿನಲ್ಲಿ ಹೆಣ್ಣು ಮಗು ಹುಟ್ಟಿತು. ಎಣ್ಣೆ ಹಚ್ಚುವುದು, ಮೀಯಿಸುವುದು, ಬಾಣಂತಿಯ ಊಟ, ಇದರಲ್ಲಿ ನನಗೆ ಇವರ ಕಡೆ ನೋಡಲೂ ಪುರುಸೊತ್ತಿರಲಿಲ್ಲ. ಅಳಿಯ ಕೃಷ್ಣಕಿಶೋರನ ಮೇಜಿನ ಮೇಲೆ ಅಡಾಪ್ಟರ್ ಇತ್ತು. ಕೇಳಿದರೆ ಮುಗಿಯುತ್ತಿತ್ತು. ಆದರೆ ಮಾವನಾದವರು ಅಳಿಯನ ಹತ್ತಿರ ಸಾಮಾನು ಕೇಳುವುದು ಹೇಗೆ? ಮರ್ಯಾದೆ ಹೋಗುವುದಿಲ್ಲವೇ? ಅದಕ್ಕೆ ಇವರು ಕಂಡುಕೊಂಡ ದಾರಿ ಕೇಳಿ. ನಾವು ಹೊತ್ತು ತಂದ ಹಿಡಿಸೂಡಿಯ ಒಂದು ಕಡ್ಡಿ ಮುರಿದು ಗೋಡೆಯ ಪ್ಲಗ್ಗಿನ ಮೇಲಿನ ತೂತಿಗೆ ತುರುಕುವುದು. ಆಗ ಕೆಳಗಿನ ಎರಡು ತೂತುಗಳ ಬಾಗಿಲು ತೆರೆಯುತ್ತದೆ. ಅದಕ್ಕೆ ನಮ್ಮ ಚಾರ್ಜರ್ ಒತ್ತುವುದು. ಅದು ಸಡಿಲವಾಗಿ ಅಲ್ಲಾಡುತ್ತಿದ್ದರೂ ಚಿಂತೆಯಿಲ್ಲ. ವಯರ್ ಗಿಡ್ಡ, ಪಕ್ಕದಲ್ಲೇ ಮಗುವಿನ ಹಾಸಿಗೆ. ಪವರ್ ಬ್ಯಾಂಕನ್ನು ಅದರ ಮೇಲೆಯೇ ಇಟ್ಟು, ಅಳಿಯನಿಗೆ ಕಾಣದಂತೆ ಮಗುವಿನ ಬಟ್ಟೆ ಮುಚ್ಚುವುದು. ಮಗುವನ್ನು ಸ್ನಾನಕ್ಕೆ ಎತ್ತಿಕೊಂಡು ಹೋದ ಕೂಡಲೇ ಶುರು, ತರುವ ಮೊದಲು ತೆಗೆದಿಡುವುದು. ಹನ್ನೊಂದು ದಿನ ಹೀಗೆ ನಡೆಯಿತು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಹನ್ನೆರಡನೆಯ ದಿನ ಇವರು ಬಾಲ್ಕನಿಯಲ್ಲಿ ಯಾರಿಗೋ ಗೃಹಪ್ರವೇಶದ ಮುಹೂರ್ತ ಹೇಳುತ್ತಾ ಚಾರ್ಜಿಗಿಟ್ಟದ್ದನ್ನೇ ಮರೆತರು. ಮೀಯಿಸಿದ ಮಗು ನನ್ನ ಕಾಲ ಮೇಲೆಯೇ ನಿದ್ದೆ ಹೋಯಿತು. ಎಬ್ಬಿಸುವುದು ಬೇಡವೆಂದು ಹತ್ತು ನಿಮಿಷ ಹಾಗೇ ಕುಳಿತೆ. ಹಾಸಿಗೆ ಸರಿ ಮಾಡಲು ರಂಜಿನಿ ಕೋಣೆಗೆ ಹೋದಳು.

“ಅಮ್ಮ, ಮಗುವನ್ನು ಇಲ್ಲಿಗೆ ತರ್ಬೇಡ.”

ಅವಳು ಕಿರುಚಲಿಲ್ಲ. ಅದಕ್ಕೇ ನಾನು ಮಗುವನ್ನು ಎದೆಗೆ ಅವಚಿಕೊಂಡೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಚ್ಚಲಿನವರೆಗೂ ಬಂತು. ಪ್ಲಗ್ಗು ಕಪ್ಪಾಗಿತ್ತು, ಪವರ್ ಬ್ಯಾಂಕ್ ಪೂರಿಯಂತೆ ಉಬ್ಬಿತ್ತು, ಮೇಲಿನ ಬಟ್ಟೆಯಿಂದ ಹೊಗೆ ಏಳುತ್ತಿತ್ತು. ರಂಜಿನಿ ಮೈನ್ ಸ್ವಿಚ್ ಆರಿಸಿ, ಕೋಣೆಯ ಬಾಗಿಲು ಹಾಕಿ, ಎಲ್ಲರನ್ನೂ ಹೊರಗೆ ಕರೆತಂದಳು. ಕಟ್ಟಡದ ವಾಚ್‌ಮನ್ ಅಬ್ದುಲ್ ರಹ್ಮಾನ್ ಬಂಟ್ವಾಳದವರು. ಅವರು ಉದ್ದದ ಇಕ್ಕಳದಿಂದ ಅದನ್ನು ಎತ್ತಿ ಮರಳಿನ ಬಕೆಟ್ಟಿಗೆ ಹಾಕಿ ಹೊರಗೆ ಸಾಗಿಸಿದರು. ತಿರುಗಿ ಬಂದು ಪ್ಲಗ್ಗು ನೋಡಿದರು.

“ಭಟ್ರೇ, ಈ ಕಡ್ಡಿ ಕೆಲಸ ಮಾಡುವವರು ನಮ್ಮ ಊರಿನವರೇ. ಕಡ್ಡಿ ನೋಡಿದ ಕೂಡ್ಲೇ ನನಗೆ ಗೊತ್ತಾಗ್ತದೆ.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಗುವಿನ ಆ ಬಟ್ಟೆಯನ್ನು ಇವರ ಮುಂದೆ ಹಿಡಿದೆ. ನಡುವೆ ಅಂಗೈಯಗಲ ಸುಟ್ಟಿತ್ತು.

“ಇದಿದ್ದ ಹಾಸಿಗೆಯಲ್ಲೇ ಮಗು ಮಲಗಿರ್ತಿತ್ತು. ನಿಮ್ಮ ಮರ್ಯಾದೆ ಈಗ ಎಲ್ಲಿ ಉಂಟು?”

ಸಂಜೆ ಅಳಿಯ ಬಂದಾಗ ಇವರು ತಾವಾಗಿಯೇ ಎದ್ದು ಅವನ ಹತ್ತಿರ ಹೋದರು. “ಕಿಶೋರ, ತಪ್ಪು ನನ್ನದು. ನಿಮ್ಮ ಅಡಾಪ್ಟರ್ ಒಂದು ಕೊಡ್ತೀರಾ?”

“ಮಾವ, ಮೊದಲ ದಿನವೇ ಕೇಳ್ಬಹುದಿತ್ತಲ್ಲ. ಮೂರು ಉಂಟು.”

ಈಗ ವಿದೇಶಕ್ಕೆ ಹೊರಡುವವರು ಒಳ್ಳೆಯ ಹೊತ್ತು ಕೇಳಲು ನಮ್ಮ ಮನೆಗೆ ಬಂದರೆ, ಭಟ್ಟರು ಪಂಚಾಂಗಕ್ಕಿಂತ ಮೊದಲು ಆ ಸುಟ್ಟ ಬಟ್ಟೆಯನ್ನು ಬಿಡಿಸಿ ತೋರಿಸುತ್ತಾರೆ. “ಪವರ್ ಬ್ಯಾಂಕ್ ಎಲ್ಲಿಟ್ಟಿದ್ದೀರಿ? ಅಡಾಪ್ಟರ್ ಉಂಟಾ?” ಅದಕ್ಕೆ ಉತ್ತರ ಸಿಕ್ಕಿದ ಮೇಲೆಯೇ ಮುಹೂರ್ತ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಿಂದಲೂ ಯಾರಾದರೂ ಹೊರಟಿರಬಹುದು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ಅದರ ಮೇಲೆ Wh ಎಂದು ಬರೆದಿರುತ್ತದೆ, ಅದು ನೂರು ವಾಟ್-ಅವರ್‌ಗಿಂತ ದೊಡ್ಡದಾದರೆ ವಿಮಾನದವರನ್ನು ಮೊದಲೇ ಕೇಳಿ. ಹೋಗುವ ದೇಶದ ಪ್ಲಗ್ಗಿಗೆ ಸರಿಯಾದ ಅಡಾಪ್ಟರ್ ಕೊಂಡುಕೊಳ್ಳಿ, ಕಡ್ಡಿ, ಪೆನ್ನು ತುರುಕಬೇಡಿ. ಚಾರ್ಜಿಗೆ ಇಡುವುದಾದರೆ ಬರಿಯ ನೆಲದ ಮೇಲೆ, ಕಣ್ಣೆದುರಿಗೆ ಇಡಿ. ಹಾಸಿಗೆಯ ಮೇಲೆ, ಬಟ್ಟೆಯ ಅಡಿಯಲ್ಲಿ ಬೇಡವೇ ಬೇಡ. ಉಬ್ಬಿದ್ದನ್ನು ಮತ್ತೆ ಮುಟ್ಟಬೇಡಿ. ಗೊತ್ತಿಲ್ಲದಿದ್ದರೆ ಕೇಳಿ, ಅಳಿಯನಾದರೂ ಸರಿ. ನಮ್ಮ ಮಗು ನನ್ನ ಕಾಲ ಮೇಲೆ ಹತ್ತು ನಿಮಿಷ ನಿದ್ದೆ ಮಾಡಿದ್ದರಿಂದ ನಾವು ಉಳಿದೆವು. ಆ ಹತ್ತು ನಿಮಿಷವನ್ನು ನಂಬಿ ನೀವು ಪ್ರಯಾಣ ಹೊರಡಬೇಡಿ.