ಕಡಲಾಚೆಯ ನೀರು ಕಂಡ ಬಟ್ಟಲು

ನಡುರಾತ್ರಿ ಟಿಣ್ ಎಂದು ಸಣ್ಣದೊಂದು ಸದ್ದಾಯಿತು. ಪಿಂಗಾಣಿ ಸುಟ್ಟು ಆರುತ್ತಿದ್ದ ಗೂಡಿನೊಳಗೆ ನನ್ನ ಮೈಮೇಲಿನ ಹೊಳಪು ಬಿಗಿದುಕೊಳ್ಳುತ್ತಿದ್ದ ಸದ್ದು. ನಾನು ಹುಟ್ಟಿದ್ದು ಹಾಗೆ.

ನಾನು ಒಂದು ಪಿಂಗಾಣಿ ಬಟ್ಟಲು. ಹಿಡಿ ಇಲ್ಲ, ಹೂಬಳ್ಳಿ ಇಲ್ಲ, ಅಚ್ಚ ಬಿಳಿ. ಚಹಾದ ಬಣ್ಣ ಇದ್ದ ಹಾಗೆ ಕಾಣಲೆಂದು ನಮ್ಮನ್ನು ಹೀಗೆ ಮಾಡುತ್ತಾರೆ. ನನ್ನನ್ನು ಎತ್ತಿ ಯಾರೂ ಚಹಾ ಕುಡಿಯುವುದಿಲ್ಲ. ರುಚಿ ಪರೀಕ್ಷಿಸುವವರು ಚಮಚದಲ್ಲಿ ತೆಗೆದು, ಸುರ್ರೆಂದು ಎಳೆದು, ಬಾಯೊಳಗೆ ಆಡಿಸಿ, ಉಗುಳುತ್ತಾರೆ. ಮೊದಮೊದಲು ಅವಮಾನವೆನಿಸುತ್ತಿತ್ತು. ಆಮೇಲೆ ಒಗ್ಗಿತು.

ಮೊದಲು ಕೂನೂರಿನ ಚಹಾ ಹರಾಜು ದಲ್ಲಾಳಿಯೊಬ್ಬರ ಕಚೇರಿಯಲ್ಲಿದ್ದೆ. ಅವರ ಬಾಯಲ್ಲಿ ಸದಾ ಲಂಡನ್ ಮಾತು. ಅವರು ಕಚೇರಿ ಮುಚ್ಚಿದಾಗ ನಾನು ಗುಡ್ಡದ ಮೇಲಿನ ಸಣ್ಣ ಚಹಾ ಕಾರ್ಖಾನೆಗೆ ಬಂದೆ. ಅದರ ಮಾಲೀಕರು ಪುಟ್ಟಬಸವಯ್ಯ, ಚಾಮರಾಜನಗರದ ಕಡೆಯಿಂದ ಬಂದು ನೆಲೆಸಿದವರು. ಕೆಳಗಿನಿಂದ ನನಗೆ ಕಾಣುತ್ತಿದ್ದುದು ಅವರ ಗದ್ದ ಮಾತ್ರ. ರುಚಿ ನೋಡುವ ಕೆಲಸ ಅವರ ಸೊಸೆ ದಾಕ್ಷಾಯಿಣಿಯದು. ಆಕೆಯ ಮುಖ ಪೂರ್ತಿ ಕಾಣುತ್ತಿತ್ತು, ಅಷ್ಟು ಬಗ್ಗಿ ನೋಡುತ್ತಿದ್ದಳು. ಒಲೆ ಆರಿಸಿ ಹೋದವಳು ಆರಿದೆಯೇ ಎಂದು ಮತ್ತೆ ಬಂದು ನೋಡುತ್ತಿದ್ದಳು.

ಹರಾಜಿನಲ್ಲಿ ಬೆಲೆ ಬೀಳುತ್ತಲೇ ಇತ್ತು. ಒಂದು ದಿನ ಮಾವನಿಗೂ ಸೊಸೆಗೂ ನನ್ನ ಮುಂದೆಯೇ ಮಾತು ನಡೆಯಿತು.

“ಲಂಡನ್ನೋರು ಮೆಚ್ಚಿದ್ರೆ ತಾನೇ ಮರ್ಯಾದೆ.”

“ಮರ್ಯಾದೆ ಹಾಕಿ ಒಲೆ ಉರಿಸಕ್ಕಾಗುತ್ತಾ ಮಾವ? ಕಡಲು ದಾಟಿದ್ರೆ ಒಮಾನು. ಅಲ್ಲಿ ಒಂದು ಚಹಾ ಗಿಡ ಬೆಳೆಯಲ್ಲ, ಜನ ಮಾತ್ರ ಹೊತ್ತುಹೊತ್ತಿಗೂ ಕುಡೀತಾರೆ. ಹತ್ತಿರದೋರ ಬಾಯಿಗೆ ಹಿಡಿಸಿದ್ರೆ ಸಾಕಲ್ವಾ?”

“ಸರಿ ಕನವ್ವ, ನೋಡು. ಆಗ್ನಿಲ್ಲ ಅಂದ್ರೆ ಮಿಷನ್ನೆಲ್ಲ ಮಾರ್ಬುಟ್ಟು ಊರಿಗೆ ನಡೆಯೋದೇ.”

ಒಮಾನಿನ ನಿಜ್ವಾ ಪಟ್ಟಣದಲ್ಲಿ ಭಟ್ಕಳದ ಜುಬೇರ್ ಸಾಹೇಬರು ಚಹಾ ಅಂಗಡಿಗಳಿಗೆ ಪುಡಿ ಹಂಚುತ್ತಿದ್ದರು. ಮೊದಲ ಲೋಡು ಅವರಿಗೆ ಹೋಯಿತು. ಚಹಾ ಸಪ್ಪೆ, ಜೀವವಿಲ್ಲ ಎಂದು ದೂರು ಬಂತು. ಆಮೇಲೆ ಸಾಹೇಬರೇ ಬಂದರು, ಕೈಯಲ್ಲಿ ಒಂದು ಕ್ಯಾನ್ ನೀರು ಹಿಡಿದು.

“ನಿಮ್ಮ ಗುಡ್ಡದ ನೀರಲ್ಲಿ ಎಲ್ಲ ಚಹಾನೂ ಚಂದವೇ ಮೇಡಂ. ನಮ್ಮ ಅಂಗಡಿಯವ್ರು ಕುದಿಸೋದು ಬಾವಿ ನೀರಲ್ಲಿ. ಇದು ಅದೇ ನೀರು, ನಾಳೆ ಇದ್ರಲ್ಲೇ ಮಾಡಿ ತೋರ್ಸಿ. ಹಿಡಿಸಿದ್ರೆ ಆರ್ಡರ್, ಇಲ್ಲಾಂದ್ರೆ ಸಲಾಂ.”

ಅವರು ವಸತಿಗೃಹಕ್ಕೆ ಹೋದರು. ದಾಕ್ಷಾಯಿಣಿಗೆ ನಾಳೆಯವರೆಗೆ ಕಾಯುವ ತಾಳ್ಮೆ ಎಲ್ಲಿ? ಸಂಜೆಯೇ ಆ ನೀರು ಸ್ವಲ್ಪ ಕಾಯಿಸಿ, ನಮ್ಮ ಗುಡ್ಡದ ಚಹಾವನ್ನು ನನಗೆ ಸುರಿದಳು. ಕೆಳಗಿನ ಬಿಸಿಲು ತೋಟಗಳ ಎಲೆ ಬೆರೆಸಿದ ಖಡಕ್ ಚಹಾವನ್ನು ಪಕ್ಕದ ಬಟ್ಟಲಿಗೆ. ಕ್ಯಾನಿನದು ಗಡಸು ನೀರು. ನನ್ನೊಳಗಿನ ಚಹಾ ಕೆರೆಯ ನೀರಿನಂತೆ ಮಂಕಾಯಿತು, ಮೇಲೊಂದು ಪೊರೆ ಕಟ್ಟಿತು. ಪಕ್ಕದ್ದರ ಬಣ್ಣ ಗಟ್ಟಿಯಾಗಿ ನಿಂತಿತು. ಖಡಕ್ಕೇ ಸರಿ ಎಂದುಕೊಂಡು ಆಕೆ ನೆಮ್ಮದಿಯಿಂದ ಮನೆಗೆ ಹೋದಳು.

ಆಮೇಲೆ ಬಟ್ಟಲು ತೊಳೆಯುವ ಸಿದ್ದಮ್ಮ ಬಂದಳು. ಸಾಹೇಬರು ಕಡಲಾಚೆಯಿಂದ ವಿಮಾನದಲ್ಲಿ ನೀರು ತಂದ ಸುದ್ದಿ ಕಾರ್ಖಾನೆಗೆಲ್ಲ ಹಬ್ಬಿತ್ತು. ಆಕೆ ಕ್ಯಾನಿಗೆ ಕೈಮುಗಿದು, ನೀರನ್ನೆಲ್ಲ ಕೊಡಕ್ಕೆ ಬಗ್ಗಿಸಿಕೊಂಡು, ಕ್ಯಾನಿಗೆ ನಲ್ಲಿ ನೀರು ತುಂಬಿಟ್ಟಳು.

ಬೆಳಿಗ್ಗೆ ಜುಬೇರ್ ಸಾಹೇಬರ ಎದುರಿಗೇ ಕ್ಯಾನಿನ ನೀರು ಕಾಯಿತು. ಹೋಲಿಸಿ ನೋಡಲೆಂದು ಹಿಂದಿನ ಸಂಜೆಯಂತೆಯೇ ಎರಡೂ ಬಟ್ಟಲಿಗೆ ಚಹಾ ಬಿತ್ತು. ನನ್ನೊಳಗೆ ಗುಡ್ಡದ ಚಹಾ ತಾಮ್ರದಂತೆ ಹೊಳೆಯಿತು. ಅವರು ವ್ಯಾಪಾರಿ, ನಾಲಿಗೆಗಿಂತ ಕ್ಯಾನನ್ನು ಹೆಚ್ಚು ನಂಬಿದ್ದರು.

“ಇದು, ಇದೇ!” ಎಂದು ನನ್ನನ್ನು ತೋರಿಸಿದರು. “ಒಂದು ಕಂಟೇನರ್ ಕಳಿಸಿ.”

ಒಂದು ಚಮಚಕ್ಕೇ ದಾಕ್ಷಾಯಿಣಿಗೆ ಗೊತ್ತಾಯಿತು. ಆಕೆ ಸುತ್ತ ನೋಡಿದಳು. ಸಿದ್ದಮ್ಮ ತಲೆ ತಗ್ಗಿಸಿದಳು.

ಎಲ್ಲರೂ ಹೋದ ಮೇಲೆ ಆಕೆ ತಣ್ಣಗೆ ಕೇಳಿದಳು. “ನೀರೇನಾಯ್ತು ಸಿದ್ದಮ್ಮ?”

“ಅಷ್ಟು ದೂರದಿಂದ ಹೊತ್ಕಂಡು ಬಂದವ್ರೆ ಅಂದ್ರೆ ಬರೀ ನೀರಾ ಅದು? ತೀರ್ಥ ಅಂದ್ಕಂಡೆ ಕನ್ರವ್ವ. ಕೂಲಿ ಲೈನ್ ಮನೇರ್ಗೆಲ್ಲ ಹಂಚ್ಬುಟ್ಟೆ.”

“ಹೇಗಿತ್ತು?”

“ಥೂ, ಬರೀ ಉಪ್ಪುಪ್ಪು. ಆದ್ರೂ ಯಾರೂ ಉಗೀನಿಲ್ಲ.” ಅಳುವ ದನಿ. ನನ್ನನ್ನು ತೊಳೆಯುತ್ತಿದ್ದ ಆಕೆಯ ಕೈಯಿಂದ ನಾನು ಜಾರಿ, ಕಲ್ಲಿಗೆ ತಾಗಿ, ಅಂಚು ಮುಕ್ಕಾಯಿತು. “ದೊಡ್ಡಯ್ಯಂಗೆ ಗೊತ್ತಾದ್ರೆ ನನ್ನ ಕೆಲ್ಸ ಹೋಯ್ತು.”

ಕೆಲಸ ಮಾತ್ರವೇ? ಪರೀಕ್ಷೆಯ ನೀರನ್ನೇ ಬದಲಿಸಿದ ಕಾರ್ಖಾನೆಯನ್ನು ಸಾಹೇಬರು ನಂಬುತ್ತಿದ್ದರೇ? ಇನ್ನೊಂದು ಕ್ಯಾನ್ ತರಿಸಲು ಹೊತ್ತೂ ಇರಲಿಲ್ಲ, ಕೊಚ್ಚಿಯಿಂದ ಹಡಗು ಆ ವಾರವೇ ಹೊರಡುವುದಿತ್ತು. ಅವರು ಆರಿಸಿದ್ದನ್ನು ಕಳಿಸಿದರೆ ಅದು ನಿಜ್ವಾದಲ್ಲಿ ಮತ್ತೆ ಸಪ್ಪೆ. ಬೇರೆಯದನ್ನು ಕಳಿಸಿ ಸಿಕ್ಕಿಬಿದ್ದರೆ ಮೋಸ. ದಾಕ್ಷಾಯಿಣಿ ಗೋದಾಮಿಗೆ ಹೋಗಿ, ಖಡಕ್ ಚಹಾದ ಚೀಲಗಳನ್ನೇ ಲಾರಿಗೆ ಹೇರಿಸಿದಳು.

ಮುಕ್ಕಾದ ಬಟ್ಟಲು ರುಚಿ ನೋಡಲು ಬಾರದು. ನನ್ನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಲವಂಗ ಹಾಕಿಟ್ಟರು. ಇಲ್ಲಿಂದ ತೋಟ ಕಾಣುತ್ತದೆ, ಕಡಲು ಕಾಣುವುದಿಲ್ಲ. ಚಹಾ ಹೋಗುವ ಊರುಗಳ ಹೆಸರು ಎಷ್ಟೋ ಕೇಳಿದ್ದೇನೆ, ಒಂದನ್ನೂ ಕಂಡಿಲ್ಲ. ಆದರೂ ನಿಜ್ವಾ ಮಾತ್ರ ಪರಿಚಯದ ಊರೆನಿಸುತ್ತದೆ. ಅಲ್ಲಿಯ ನೀರು ಒಮ್ಮೆ ನನ್ನೊಳಗಿತ್ತು.

ಹಡಗು ಹೋದ ಮೇಲೆ ದಾಕ್ಷಾಯಿಣಿ ಊಟ ಸರಿಯಾಗಿ ಮಾಡಲಿಲ್ಲ. ಫೋನ್ ಸದ್ದಾದರೆ ಬೆಚ್ಚುತ್ತಿದ್ದಳು. ಕೊನೆಗೊಂದು ಮಧ್ಯಾಹ್ನ ಫೋನಿನಲ್ಲಿ ಜುಬೇರ್ ಸಾಹೇಬರ ದೊಡ್ಡ ದನಿ ಕೇಳಿಸಿತು.

“ಬಸವಯ್ಯನವ್ರೇ, ಅವತ್ತು ನಾನು ಆರಿಸಿದ್ನಲ್ಲ, ಥೇಟ್ ಅದೇ ರುಚಿ! ಅಂಗಡಿಯವ್ರು ಮತ್ತೆ ಕೇಳ್ತಿದ್ದಾರೆ. ಇನ್ನೊಂದು ಕಂಟೇನರ್ ಕಳಿಸಿ.”

ಪುಟ್ಟಬಸವಯ್ಯ ಸೊಸೆಯ ಕಡೆ ತಿರುಗಿದರು. “ನೋಡಿದ್ಯಾ? ನಾಲ್ಗೆ ಅಂದ್ರೆ ಅವರ್ದು ಕನವ್ವ. ಕಲ್ತ್ಕೋ.”

ದಾಕ್ಷಾಯಿಣಿ ಏನೋ ಹೇಳಲು ಹೋಗಿ, “ಹೂಂ ಮಾವ” ಎಂದಳು. ಅವರು ಹೋದ ಮೇಲೆ ಸಿದ್ದಮ್ಮ ಬಾಗಿಲ ಸಂದಿಯಿಂದ ಇಣುಕಿದಳು.

“ಹೇಳ್ಬುಟ್ರಾ ಅವ್ವ?”

“ಏನನ್ನ?”

“ಅದೇ, ಆ ನೀರಿನ ಇಚಾರ.”

ದಾಕ್ಷಾಯಿಣಿ ಚಮಚ ಒರೆಸುತ್ತ ಕೇಳಿದಳು. “ಯಾವ ನೀರು ಸಿದ್ದಮ್ಮ?”